ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಸೊನ್ನೆ ಅಲ್ಲ

ಗಗನಯಾತ್ರಿಗಳು ತೇಲಾಡುವ ವಿಡಿಯೊ ಜೊತೆ ಒಂದು ಮಾತು ಓಡಾಡುತ್ತಿದೆ: ಅಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ತೇಲುತ್ತಾರೆ, ಅವರ ದ್ರವ್ಯರಾಶಿಯೂ (ಅಂದರೆ ಮೈಯಲ್ಲಿರುವ ದ್ರವ್ಯದ ಪ್ರಮಾಣವೂ) ಸೊನ್ನೆ ಅಂತ. ಪೂರ್ತಿ ತಪ್ಪು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಭೂಮಿಯ ತ್ರಿಜ್ಯವೇ ಸುಮಾರು 6,370 ಕಿ.ಮೀ. ಅದರ ಮುಂದೆ 400 ಏನು ಮಹಾ ದೂರ? ನೆಲದ ಮೇಲಿನ ಸೆಳೆತದ ಹೆಚ್ಚುಕಡಿಮೆ ಶೇ 90ರಷ್ಟು ಅಲ್ಲೂ ಇದೆ. ಆ ಸೆಳೆತ ಇಲ್ಲದಿದ್ದರೆ ನಿಲ್ದಾಣ ಭೂಮಿಯನ್ನು ಸುತ್ತುತ್ತಲೇ ಇರಲಿಲ್ಲ, ನೇರ ಗೆರೆಯಲ್ಲಿ ಹೊರಟು ಹೋಗುತ್ತಿತ್ತು ಅಲ್ವಾ?

ಮತ್ತೆ ತೇಲುವುದು ಯಾಕೆ? ನಿಲ್ದಾಣ ಸದಾ ಬೀಳುತ್ತಲೇ ಇದೆ. ಒಳಗಿರುವವರೂ ಅದರ ಜೊತೆಗೇ ಬೀಳುತ್ತಿದ್ದಾರೆ. ಆದರೆ ಅದು ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಪಕ್ಕಕ್ಕೂ ಓಡುತ್ತಿದೆ. ಹಾಗಾಗಿ ಬಿದ್ದಷ್ಟೂ ಕೆಳಗೆ ಭೂಮಿ ಬಾಗುತ್ತಾ ಹೋಗುತ್ತದೆ, ನೆಲ ಸಿಗುವುದೇ ಇಲ್ಲ. ಕಾಲ ಕೆಳಗೆ ತೂಕದ ಯಂತ್ರ ಇಟ್ಟರೆ ಅದೂ ಜೊತೆಗೇ ಬೀಳುತ್ತದೆ. ಒತ್ತಡವೇ ಬೀಳದ ಯಂತ್ರ ಸುಮ್ನೆ ಸೊನ್ನೆ ತೋರಿಸುತ್ತದೆ, ಅಷ್ಟೇ.

ಲೆಕ್ಕ ನೋಡಿ. 50 ಕೆ.ಜಿ. ದ್ರವ್ಯರಾಶಿ ಇರುವವರ ಮೇಲೆ ಭೂಮಿಯ ಸೆಳೆತ ನೆಲದಲ್ಲಿ ಸುಮಾರು 490 ನ್ಯೂಟನ್ (ನ್ಯೂಟನ್ ಅಂದರೆ ಬಲ ಅಳೆಯುವ ಮಾನ), ನಿಲ್ದಾಣದಲ್ಲಿ ಸುಮಾರು 430 ನ್ಯೂಟನ್. 50 ಕೆ.ಜಿ. ಮಾತ್ರ ಎರಡೂ ಕಡೆ 50 ಕೆ.ಜಿ.ಯೇ.

ದ್ರವ್ಯರಾಶಿ ಎಲ್ಲೂ ಹೋಗಿಲ್ಲ ಅನ್ನುವುದು ದೊಡ್ಡ ಪೆಟ್ಟಿಗೆ ತಳ್ಳಿದಾಗ ಗೊತ್ತಾಗುತ್ತದೆ. ತೇಲುತ್ತಿದ್ದರೂ ಅದು ಬೇಗ ಕದಲುವುದಿಲ್ಲ. ಕದಲಿದ ಮೇಲೆ ನಿಲ್ಲಿಸುವುದೂ ಅಷ್ಟೇ ಕಷ್ಟ, ಗೋಡೆಗೂ ಅದಕ್ಕೂ ನಡುವೆ ಕೈ ಸಿಕ್ಕಿದರೆ ನಜ್ಜುಗುಜ್ಜು. ಗಗನಯಾತ್ರಿಗಳ ದ್ರವ್ಯರಾಶಿ ಅಳೆಯಲು ಸ್ಪ್ರಿಂಗ್ ಸಾಧನವೂ ಇದೆ. ಅದನ್ನು ಹಿಡಿದುಕೊಂಡು ಹಿಂದೆ ಮುಂದೆ ಓಲಾಡಬೇಕು. ದ್ರವ್ಯರಾಶಿ ಜಾಸ್ತಿ ಇದ್ದಷ್ಟೂ ಓಲಾಟ ನಿಧಾನ.