ಹಾಳು ಮಾಡಿದರೂ ಪರವಾಗಿಲ್ಲ ಅನ್ನುವಂಥ ಸಾಮಾನು ಕೊಡಿ

ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ಅಪ್ಪ-ಅಮ್ಮಂದಿರ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ ಸುತ್ತುತ್ತದೆ: "ನಾಲ್ಕು ವರ್ಷದ ಮಗುವಿಗೆ ಯಾವ ಕ್ರಾಫ್ಟ್ ಕಿಟ್ ತಗೊಳ್ಳೋದು?" ಯಾವುದೂ ಬೇಡ ಅಂತಲೇ ನಾನು ಹೇಳುವುದು. ದುಡ್ಡಿನ ಮಾತು ಆಮೇಲೆ. ಕಿಟ್ಟಿನ ನಿಜವಾದ ತೊಂದರೆ ಬೇರೆ. ಅದರೊಳಗೆ ಪ್ರತಿಯೊಂದು ತುಂಡೂ ಲೆಕ್ಕಕ್ಕೆ ಸರಿಯಾಗಿ ಒಂದೊಂದೇ ಇರುತ್ತದೆ. ಗೂಬೆ ಮಾಡುವ ಕಿಟ್ ಆದರೆ ಎರಡೇ ಕಣ್ಣು, ಎರಡೇ ರೆಕ್ಕೆ. ಮಗು ಒಂದು ರೆಕ್ಕೆಯನ್ನು ತಲೆಕೆಳಗು ಅಂಟಿಸಿದರೆ ಕಥೆ ಮುಗಿಯಿತು. ಆಗ ಪಕ್ಕದಲ್ಲಿ ಕೂತ ದೊಡ್ಡವರ ಬಾಯಿಂದ ಆ ಮಾತು ಬಂದೇ ಬರುತ್ತದೆ: "ಕೊಡು ಇಲ್ಲಿ, ನಾನು ಮಾಡ್ತೀನಿ." ಅಲ್ಲಿಂದಾಚೆ ಗೂಬೆ ಮಾಡುವವರು ಅಮ್ಮ, ನೋಡುವುದು ಮಗು.

ಒಂದು ಲೋಟ ಮೈದಾ, ಒಂದು ಬಕೆಟ್ ಮಣ್ಣು, ಹಳೇ ಪೇಪರಿನ ಕಟ್ಟು ಎದುರಿಗಿದ್ದರೆ ಈ ಮಾತು ಬಾಯಿಗೇ ಬರುವುದಿಲ್ಲ. ಕೆಟ್ಟರೆ ಇನ್ನೊಂದು ಉಂಡೆ ಇದೆ. ಹಾಗಾಗಿ ಚಿಕ್ಕ ಮಕ್ಕಳಿರುವ ಮನೆಗೆ ಏನೇನು ಬೇಕು, ಎಷ್ಟು ಬೇಕು, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ಉದ್ದವಾಗಿದೆ, ಬೇಕಾದವರು ಸೇವ್ ಮಾಡಿಕೊಳ್ಳಿ.

ಮೊದಲು ಮಕ್ಕಳು ಆಕಾರ ಮಾಡಿ ಆಡುವ ಮೈದಾ ಮುದ್ದೆ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಅಡುಗೆ ಎಣ್ಣೆ, ಎರಡು ಚಿಕ್ಕ ಚಮಚ ನಿಂಬೆರಸ. ಎಲ್ಲವನ್ನೂ ದಪ್ಪ ತಳದ ಬಾಣಲೆಯಲ್ಲಿ, ಒಲೆ ಹಚ್ಚುವ ಮೊದಲೇ, ಗಂಟಿಲ್ಲದ ಹಾಗೆ ದೋಸೆ ಹಿಟ್ಟಿನಂತೆ ಕಲಸಿಕೊಳ್ಳಿ. ಆಮೇಲೆ ಸಣ್ಣ ಉರಿ. ಮೊದಲೆರಡು ನಿಮಿಷ ಏನೂ ಆಗುವುದಿಲ್ಲ, ಆಮೇಲೆ ತಳದಿಂದ ಒಮ್ಮೆಲೇ ಗಟ್ಟಿಯಾಗುತ್ತಾ ಬರುತ್ತದೆ. ರಾಗಿ ಮುದ್ದೆ ತಿರುವಿ ಅಭ್ಯಾಸ ಇದ್ದವರಿಗೆ ಇದು ಏನೇನೂ ಅಲ್ಲ. ನಾಲ್ಕೈದು ನಿಮಿಷದಲ್ಲಿ ಮುದ್ದೆಯಾಗಿ ಬಾಣಲೆ ಬಿಡುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿ ನೋಡಿ, ಅಂಟದಿದ್ದರೆ ಇಳಿಸಿ. ಆರಿದ ಮೇಲೆ ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಬೇಕು. ಬಿಸಿ ಮುದ್ದೆಯನ್ನು ಮಕ್ಕಳ ಕೈಗೆ ಕೊಡಬೇಡಿ. ಹೊರಗೆ ಬೆಚ್ಚಗೆ ಅನಿಸಿದರೂ ಒಳಗೆ ಸುಡುತ್ತಿರುತ್ತದೆ.

ಬೇಯಿಸುವುದು ಯಾಕೆ, ಹಸಿ ಹಿಟ್ಟೇ ಸಾಲದೇ ಅಂತ ಬಹಳ ಜನ ಕೇಳುತ್ತಾರೆ. ಹಸಿ ಮೈದಾ ಎಳೆದರೆ ರಬ್ಬರಿನ ಹಾಗೆ ಹಿಂದಕ್ಕೆ ಬರುತ್ತದೆ, ಕೈಗೂ ಅಂಟುತ್ತದೆ. ಮಗು ಹಾವು ಉದ್ದ ಮಾಡಿದರೆ ಅದು ಮತ್ತೆ ಗಿಡ್ಡವಾಗುತ್ತದೆ. ಬೇಯಿಸಿದಾಗ ಹಿಟ್ಟಿನ ಪಿಷ್ಟ ನೀರು ಹೀರಿ ಉಬ್ಬಿ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಂದಕ್ಕೆಳೆಯುವ ಬಿಗಿಯೂ ಹೋಗುತ್ತದೆ. ಕಲ್ಲುಪ್ಪು ಹಾಕಿದರೆ ಮರಳಿನ ಹಾಗೆ ಕೈಗೆ ಸಿಗುತ್ತದೆ, ಪುಡಿ ಮಾಡಿಯೇ ಹಾಕಿ. ಗೋಧಿ ಹಿಟ್ಟಿನಲ್ಲೂ ಆಗುತ್ತದೆ, ಬಣ್ಣ ಮಾಸಲು, ಮೈ ತರಿತರಿ. ಬರೀ ಅಕ್ಕಿ ಹಿಟ್ಟಿನದು ಎಳೆದರೆ ತುಂಡಾಗುತ್ತದೆ.

ಉಪ್ಪು ಅಷ್ಟು ಬೇಕೇ ಬೇಕು; ಬೂಷ್ಟು ಬಾರದಂತೆ ತಡೆಯುವುದೇ ಅದು. ಆದರೆ ಅದೇ ಉಪ್ಪು ಮಳೆಗಾಲದಲ್ಲಿ ಗಾಳಿಯ ತೇವ ಎಳೆದುಕೊಂಡು ಮುದ್ದೆಯನ್ನು ಬೆವರಿಸುತ್ತದೆ. ಜುಲೈನಲ್ಲಿ ಮಂಗಳೂರಿನ ಕಡೆ ಇದು ಖಾತ್ರಿ. ಒಂದು ಚಮಚ ಒಣ ಮೈದಾ ಉದುರಿಸಿ ನಾದಿದರೆ ಸರಿಹೋಗುತ್ತದೆ. ಒಣಗಿ ಬಿರುಕು ಬಿಟ್ಟರೆ ಕೈ ಒದ್ದೆ ಮಾಡಿಕೊಂಡು ನಾದಿ. ಮೇಲಿಂದ ನೀರು ಸುರಿದರೆ ಹೊರಗೆ ಲೋಳೆ, ಒಳಗೆ ಕಲ್ಲು. ಕೊಬ್ಬರಿ ಎಣ್ಣೆ ಹಾಕಿದ್ದರೆ ಡಿಸೆಂಬರ್ ಬೆಳಗ್ಗೆ ಸ್ವಲ್ಪ ಬಿರುಸಾಗಿರುತ್ತದೆ, ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವ ಎಣ್ಣೆ. ಸ್ಟೀಲ್ ಡಬ್ಬಿಯಲ್ಲಿ ವಾರಗಟ್ಟಲೆ ಇಡಬೇಡಿ, ಉಪ್ಪು ಸ್ಟೀಲನ್ನೂ ತಿನ್ನುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು.

ಬಣ್ಣದ ವಿಷಯ ನನಗೆ ಎಲ್ಲಕ್ಕಿಂತ ಇಷ್ಟ. ಅಂಗಡಿ ಬಣ್ಣವೇ ಬೇಡ. ಅರಿಶಿನದ ಹಳದಿ ಎಲ್ಲರಿಗೂ ಗೊತ್ತು. ಒಂದು ಬಟ್ಟಲು ಅರಿಶಿನದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿಸಿ ನೋಡಿ, ಕಣ್ಣೆದುರೇ ಕೆಂಪಗಾಗುತ್ತದೆ. ನಿಂಬೆರಸ ಹಿಂಡಿದರೆ ನೊರೆಯುಕ್ಕಿ ಮತ್ತೆ ಹಳದಿ. ಆರತಿಯ ಓಕುಳಿ ನೀರು ಕೆಂಪಾಗುವುದೂ ಇದೇ ರೀತಿ, ಅಲ್ಲಿ ಸೋಡಾದ ಜಾಗದಲ್ಲಿ ಸುಣ್ಣ. ಆದರೆ ಮಕ್ಕಳ ಕೈಗೆ ಎಲೆಯಡಿಕೆಯ ಸುಣ್ಣದ ಪೊಟ್ಟಣವನ್ನು ಯಾವ ಕಾರಣಕ್ಕೂ ಕೊಡಬೇಡಿ. ಹಿಸುಕಿದಾಗ ಪೊಟ್ಟಣ ಒಡೆದು ಕಣ್ಣಿಗೆ ಚಿಮ್ಮಿದರೆ ದೃಷ್ಟಿಯೇ ಹೋಗಬಹುದು. ಅಕಸ್ಮಾತ್ ಹಾಗಾದರೆ ಉಜ್ಜದೆ, ಆ ಕ್ಷಣವೇ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು, ನೇರ ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು.

ಇಲ್ಲೊಂದು ಎಡವಟ್ಟು ಆಗುವುದುಂಟು. ಮುದ್ದೆಗೆ ಮೊದಲೇ ನಿಂಬೆರಸ ಹಾಕಿದ್ದರೆ ಸೋಡಾ ಹಾಕಿದಾಗ ಬುಸ್ಸೆಂದು ಉಬ್ಬುತ್ತದೆ, ಬಣ್ಣ ಬದಲಾಗುವುದಿಲ್ಲ. ಸೋಡಾದ ಶಕ್ತಿಯೆಲ್ಲ ಹುಳಿಯ ಮೇಲೆ ಖರ್ಚಾಗಿರುತ್ತದೆ. ಕೆಂಪು ಬೇಕಾದ ಉಂಡೆಗೆ ನಿಂಬೆ ಬಿಟ್ಟುಬಿಡಿ. ಬೀಟ್ರೂಟಿಗೆ ಉಲ್ಟಾ ಲೆಕ್ಕ: ನಿಂಬೆ ಇದ್ದರೆ ಗುಲಾಬಿ ನಿಲ್ಲುತ್ತದೆ, ಒಲೆಯ ಮೇಲೆ ಹಾಕಿದರೆ ಕಂದಾಗುತ್ತದೆ. ಹಾಗಾಗಿ ಇಳಿಸಿ ಆರಿಸಿದ ಮೇಲೆ ಬೀಟ್ರೂಟ್ ರಸ ಸೇರಿಸಿ ನಾದಿ. ಪಾಲಕ್ ರಸ ಬಿಸಿಗೂ ಹುಳಿಗೂ ಕೆಸರು ಹಸಿರಾಗುತ್ತದೆ, ಅದಕ್ಕೆ ಚಿಟಿಕೆ ಸೋಡಾ. ಹಿತ್ತಲಲ್ಲಿ ನೀಲಿ ಶಂಖಪುಷ್ಪ ಇದ್ದರೆ ಹತ್ತಿಪ್ಪತ್ತು ಹೂವನ್ನು ಬಿಸಿ ನೀರಲ್ಲಿ ನೆನೆಸಿ. ನೀಲಿ ಸಿಕ್ಕಿತು, ನಿಂಬೆ ಹಿಂಡಿದರೆ ನೇರಳೆ. ಬಟ್ಟೆಗೆ ಅರಿಶಿನ ಹತ್ತಿದರೆ ಗಾಬರಿ ಬೇಡ. ಒಗೆದು ಬಿಸಿಲಿಗೆ ಹರವಿ, ಎರಡು ಮೂರು ಬಿಸಿಲಿಗೆ ಮಾಸುತ್ತದೆ. ಸೋಪು ತಾಗಿದ ಕೂಡಲೇ ಕಲೆ ಕೆಂಪಾಗುವುದೂ ಅದೇ ಸೋಡಾದ ಆಟ.

"ತಿನ್ನೋ ಹಿಟ್ಟನ್ನ ಆಟಕ್ಕೆ ಹಾಕೋದಾ?" ಅಂತ ಅಜ್ಜಿ ಗದರಿದರೆ ಅವರ ಮಾತಲ್ಲಿ ಅರ್ಥ ಇದೆ, ವಾದ ಮಾಡಬೇಡಿ. ಹುಳ ಬಿದ್ದು ಹೇಗೂ ಎಸೆಯಬೇಕಾದ ಮೈದಾ ಇದ್ದರೆ ಜರಡಿ ಹಿಡಿದು ಬಳಸಿ. ಇಲ್ಲದಿದ್ದರೆ ಮಣ್ಣಿಗೆ ಬನ್ನಿ. ಇನ್ನೊಂದು ಮಾತು: ಇಷ್ಟು ಉಪ್ಪಿರುವ ಮುದ್ದೆಯನ್ನು ಮಗು ದೊಡ್ಡ ತುತ್ತಾಗಿ ನುಂಗಬಾರದು, ನಾಯಿಗಂತೂ ಸಿಗಲೇಬಾರದು. ಎರಡು ವರ್ಷದೊಳಗಿನ ಎಲ್ಲವನ್ನೂ ಬಾಯಿಗಿಡುವ ಕೂಸಿಗೆ ಉಪ್ಪಿಲ್ಲದೆ ಬೇಯಿಸಿ ಆರಿಸಿದ ಹಿಟ್ಟಿನ ಉಂಡೆ ಸಾಕು, ಅದನ್ನೂ ಎದುರಿಗೆ ಕೂತೇ ಕೊಡಿ.

ಮಣ್ಣು ನಮಗೆ ಹೊಸದೇನಲ್ಲ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಅಮಾವಾಸ್ಯೆ ಬಂದರೆ ಮನೆಮನೆಯಲ್ಲೂ ಮಣ್ಣೆತ್ತು. ಅದರ ಹೆಸರೇ ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳ ಕೈಗೆ ಎತ್ತಿಗಿಂತ ಒಳ್ಳೆಯ ಆಕಾರ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಾಲ್ಕು ಕಾಲು, ಒಂದು ಹಿಣಿಲು, ಎರಡು ಕೊಂಬು, ಅಷ್ಟಿದ್ದರೆ ಯಾರು ನೋಡಿದರೂ ಎತ್ತು ಅಂತಲೇ ಅನ್ನುತ್ತಾರೆ. ಗಣಪನ ಮುಖ ಸರಿಬಂದಿಲ್ಲ ಅಂತ ದೊಡ್ಡವರು ತಿದ್ದಲು ಹೋಗುತ್ತಾರೆ, ಎತ್ತಿನ ಮುಖಕ್ಕೆ ಯಾರೂ ಕೈ ಹಾಕುವುದಿಲ್ಲ.

ಕೆರೆಯ ಜೇಡಿಮಣ್ಣು ಅಥವಾ ಕುಂಬಾರರಿಂದ ತಂದ ಮಣ್ಣು ಆಗುತ್ತದೆ. ಕಲ್ಲು, ಬೇರು ಆರಿಸಿ ರಾತ್ರಿಯಿಡೀ ನೆನೆಸಿ. ಸರಿಯಾಗಿದೆಯೋ ನೋಡಲು ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಉಂಗುರದ ಹಾಗೆ ಸುತ್ತಿ. ಬಿರುಕು ಬಿಡದಿದ್ದರೆ ಮಣ್ಣು ಹದ. ಬಿಟ್ಟರೆ ನೀರು ಕಡಿಮೆ, ನೀರು ಹಾಕಿದ ಮೇಲೂ ಬಿಟ್ಟರೆ ಮರಳು ಜಾಸ್ತಿ. ಗೋಲಿ ಮಾಡುವಷ್ಟು ಗಟ್ಟಿ, ಕೈಗೆ ಅಂಟದಷ್ಟು ಒಣ, ಇದು ಗುರುತು.

ಮಕ್ಕಳ ಮಣ್ಣೆತ್ತು ಒಣಗುವಾಗ ಕಾಲು ಕಳಚಿ ಬೀಳುವುದು ಮಾಮೂಲು. ಕಾಲನ್ನು ಬೇರೆ ಮಾಡಿ, ನುಣುಪು ಮೈಗೆ ಹಾಗೇ ಒತ್ತಿರುತ್ತಾರೆ. ಅಂಟಿಸುವ ಎರಡೂ ಕಡೆ ಪೊರಕೆ ಕಡ್ಡಿಯಿಂದ ಗೀರಿ, ಅದೇ ಮಣ್ಣನ್ನು ನೀರಲ್ಲಿ ಕಲಸಿದ ಗಟ್ಟಿ ಗೊಜ್ಜನ್ನು ಬಳಿದು, ಒತ್ತಿ, ಸಂದನ್ನು ಬೆರಳಿಂದ ಸವರಬೇಕು. ಒಂದು ತುಂಡು ಬೆಳಗ್ಗೆ ಮಾಡಿದ್ದು, ಇನ್ನೊಂದು ಸಂಜೆಯದು ಆದರೆ ಎಷ್ಟು ಗೀರಿದರೂ ನಿಲ್ಲುವುದಿಲ್ಲ. ಹಸಿ ತುಂಡು ಹೆಚ್ಚು ಕುಗ್ಗಿ ಕಿತ್ತುಕೊಳ್ಳುತ್ತದೆ. ಕೊಂಬು ಗಟ್ಟಿಯಾಗಿರಲಿ ಅಂತ ಒಳಗೆ ಕಡ್ಡಿ ಸಿಕ್ಕಿಸುವುದೂ ತಪ್ಪೇ. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಕೊಂಬು ಉದ್ದಕ್ಕೂ ಸೀಳುತ್ತದೆ. ಮೈ ಎರಡು ಬೆರಳಿಗಿಂತ ದಪ್ಪವಿದ್ದರೆ ಹೊಟ್ಟೆಯ ಕಡೆಯಿಂದ ಚಮಚದಲ್ಲಿ ತೋಡಿ ಟೊಳ್ಳು ಮಾಡಿ. ಬಿಸಿಲಿಗೆ ಇಡಬೇಡಿ. ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿ, ಆಮೇಲೆ ಮೂರು ನಾಲ್ಕು ದಿನ ನೆರಳಲ್ಲಿ.

ಕಣ್ಣಿಗೆ ಜೋಳ, ಉದ್ದು, ಮೆಣಸು ಯಾವುದಾದರೂ ಆಗುತ್ತದೆ, ಮಗು ಮೂರು ದಾಟಿದ್ದರೆ. ಗುಲಗಂಜಿ ಮಾತ್ರ ಬೇಡ. ಕೆಂಪು ಮೈ, ಕಪ್ಪು ಚುಕ್ಕೆ, ನೋಡಲು ಕಣ್ಣಿಗೇ ಹೇಳಿ ಮಾಡಿಸಿದ ಹಾಗಿದೆ. ಒಳಗಿರುವುದು ಅಬ್ರಿನ್ ಎಂಬ ಕಡುವಿಷ. ಇಡೀ ಬೀಜಕ್ಕೆ ಗಟ್ಟಿ ಸಿಪ್ಪೆಯಾದರೂ ಇದೆ. ಜಗಿದರೆ ಅಥವಾ ಸರಕ್ಕೆಂದು ತೂತು ಕೊರೆದಿದ್ದರೆ ಆ ರಕ್ಷಣೆಯೂ ಇಲ್ಲ. ಹಳೇ ಆಭರಣದ ಪೆಟ್ಟಿಗೆಯಲ್ಲೋ ಅಳಗುಳಿ ಮಣೆಯ ಚೀಲದಲ್ಲೋ ಇದ್ದರೆ ಎತ್ತಿಡಿ.

ಮೂರರೊಳಗಿನ ಮಕ್ಕಳಿರುವ ಮನೆಯಲ್ಲಿ ಅಳತೆಯೂ ಮುಖ್ಯ. ಆ ವಯಸ್ಸಿನವರ ಆಟಿಕೆ ಪರೀಕ್ಷೆಗೆ ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಕೂರುವ ವಸ್ತು ಗಂಟಲಿಗೂ ಇಳಿಯಬಲ್ಲದು. ಮಣಿ, ಗುಂಡಿ, ಹುಣಸೆಬೀಜ ಎಲ್ಲ ಇದರಲ್ಲಿ ಬಂತು. ಕೊಂಡು ತರುವ ಆಟಿಕೆಯಾದರೆ ಐಎಸ್‌ಐ ಗುರುತು ನೋಡಿ, 2021ರ ಜನವರಿ 1ರಿಂದ ಅದು ಕಡ್ಡಾಯ.

ಅಂಟು. ಎರಡು ದೊಡ್ಡ ಚಮಚ ಮೈದಾವನ್ನು ಕಾಲು ಲೋಟ ತಣ್ಣೀರಲ್ಲಿ ಕದಡಿ, ಕುದಿಯುವ ಒಂದು ಲೋಟ ನೀರಿಗೆ ತಿರುವುತ್ತಾ ಸುರಿಯಿರಿ. ಎರಡು ಮೂರು ನಿಮಿಷದಲ್ಲಿ ಬಿಳಿ ಹೋಗಿ ಗಾಜಿನ ಹಾಗೆ ಆದಾಗ ಇಳಿಸಿ. ಒಣ ಮೈದಾವನ್ನೇ ಬಿಸಿ ನೀರಿಗೆ ಹಾಕಿದರೆ ಗಂಟುಗಂಟು, ಆಮೇಲೆ ಯಾರಿಂದಲೂ ಒಡೆಯಲಾಗದು. ಎರಡು ದಿನಕ್ಕೆ ಹುಳಿಯುತ್ತದೆ, ಫ್ರಿಜ್ಜಿನಲ್ಲಿ ಒಂದು ವಾರ. ಸಿನಿಮಾ ಪೋಸ್ಟರ್ ಅಂಟಿಸುವವರು ಹುಳ ಬಾರದಿರಲಿ ಅಂತ ಮೈಲುತುತ್ತ ಹಾಕುತ್ತಿದ್ದರು, ಅದು ವಿಷ, ಮಕ್ಕಳ ಅಂಟಿಗೆ ಬೇಡವೇ ಬೇಡ. ಗಾಳಿಪಟಕ್ಕಾದರೆ ನಾಲ್ಕು ಅಗುಳು ಅನ್ನ ಸಾಕು.

ಕತ್ತರಿ ಕಲಿಸಲು ಪೇಪರ್ ಕೊಡುವವರೇ ಹೆಚ್ಚು. ನ್ಯೂಸ್‌ಪೇಪರ್ ಮೆತ್ತಗೆ ಬಾಗುತ್ತದೆ, ಕತ್ತರಿಯ ಎರಡು ಅಲಗಿನ ನಡುವೆ ಮಡಚಿ ಸಿಕ್ಕಿಕೊಳ್ಳುತ್ತದೆ, ಮಗು ಸಿಟ್ಟಾಗುತ್ತದೆ. ಹಳೇ ಲಗ್ನಪತ್ರಿಕೆಯನ್ನು ಒಂದು ಬೆರಳಗಲದ ಪಟ್ಟಿ ಮಾಡಿಕೊಡಿ. ಒಂದೇ ಕಚಕ್ಕಿಗೆ ತುಂಡು ಬೀಳುತ್ತದೆ, ಗೆರೆಯ ಹಂಗಿಲ್ಲ. ಗೆರೆ ಮೇಲೆ ಕತ್ತರಿಸುವುದು ಆಮೇಲಿನ ಮಾತು. ಮಗು ಎಡಗೈಯದಾದರೆ ನಮ್ಮ ಮಾಮೂಲಿ ಕತ್ತರಿಯ ಅಲಗು ಗೆರೆಯನ್ನೇ ಮುಚ್ಚುತ್ತದೆ. ಸೋಮಾರಿತನ ಅಂದುಕೊಂಡು ಬೈಯುವ ಮೊದಲು ಇದನ್ನು ನೋಡಿ.

ಹಳೇ ಪೇಪರಿನ ರಾಶಿಯಿಂದ ಬಟ್ಟಲು ಮಾಡಲು ಮೆಂತ್ಯವೇ ಜೊತೆ. ಮೊರಕ್ಕೆ ಬಳಿಯುತ್ತಿದ್ದ ಮುದ್ದೆ ಇದೇ. ಹತ್ತು ಹಾಳೆ ಹರಿದು ಎರಡು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ. ಹರಿಯುವ ಕೆಲಸವನ್ನು ಎರಡು ವರ್ಷದವರಿಗೆ ಬಿಡಿ, ಅವರಷ್ಟು ಚೆನ್ನಾಗಿ ಯಾರೂ ಹರಿಯಲಾರರು. ಒಂದು ಹಿಡಿ ಮೆಂತ್ಯ ರಾತ್ರಿ ನೆನೆಸಿ, ಹಿಂಡಿದ ಪೇಪರಿನ ಜೊತೆ ನುಣ್ಣಗೆ ರುಬ್ಬಿ. ಮೆಂತ್ಯದ ಲೋಳೆಯೇ ಅಂಟು. ಬೋರಲು ಹಾಕಿದ ಬಟ್ಟಲಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಅರ್ಧ ಬೆರಳು ದಪ್ಪಕ್ಕೆ ತಟ್ಟಿ, ಇದಕ್ಕೆ ಮಾತ್ರ ಜೋರು ಬಿಸಿಲು ಬೇಕು. ಅರೆ ಒಣಗಿದಾಗಲೇ ಬಟ್ಟಲಿಂದ ಬಿಡಿಸಿ. ಪೂರ್ತಿ ಒಣಗಲು ಬಿಟ್ಟರೆ ಕುಗ್ಗಿ ಬಟ್ಟಲನ್ನು ಅಪ್ಪಿಕೊಳ್ಳುತ್ತದೆ, ಇಲ್ಲವೇ ಸೀಳುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಬೂಷ್ಟೇ ಗತಿ.

ಶಾಲೆಯ ಪ್ರಾಜೆಕ್ಟ್ ಬಗ್ಗೆ ಒಂದು ಗೊಣಗಾಟ. ಯುಕೆಜಿ ಮಗುವಿಗೆ ಥರ್ಮಾಕೋಲಿನಲ್ಲಿ ಜಲಚಕ್ರ ಮಾಡಿ ತರಲು ಹೇಳಿದರೆ ಅದು ಅಪ್ಪನಿಗೆ ಕೊಟ್ಟ ಹೋಂವರ್ಕ್. ಟೀಚರಿಗೂ ಗೊತ್ತು, ಅಪ್ಪನಿಗೂ ಗೊತ್ತು, ಆದರೂ ಸ್ಟಾರ್ ಸ್ಟಿಕ್ಕರ್ ಮಗುವಿನ ಹೆಸರಿಗೆ. ಮಗು ಮಾಡಿದ ಸೊಟ್ಟ ಎತ್ತನ್ನೇ ಕಳಿಸುವ ಧೈರ್ಯ ನಾಲ್ಕು ಮನೆಯವರು ಮಾಡಿದರೆ ಐದನೆಯವರಿಗೆ ಸುಲಭವಾಗುತ್ತದೆ.

ಕೊನೆಗೆ ತೊಳೆಯುವುದು. ಮೈದಾ, ಮಣ್ಣು ಎರಡನ್ನೂ ಸಿಂಕಿಗೆ ಬಿಡಬೇಡಿ, ಪೈಪಿನ ಬಾಗಿನಲ್ಲಿ ಕೂತು ಕಟ್ಟುತ್ತದೆ. ಒಂದು ಬಕೆಟ್ಟಿನಲ್ಲಿ ಕೈ ತೊಳೆಸಿ. ಮಣ್ಣಿನ ನೀರು ಗಿಡಕ್ಕೆ ಆಗುತ್ತದೆ, ಉಪ್ಪಿನ ಮುದ್ದೆಯ ನೀರು ಆಗುವುದಿಲ್ಲ. ಮುರಿದ ಎತ್ತುಗಳನ್ನು ಎಸೆಯಬೇಡಿ. ಅರೆಹಸಿ ಇರುವಾಗಲೇ ನೀರಿಗೆ ಹಾಕಿದರೆ ದಿನಗಟ್ಟಲೆ ಗಂಟಾಗಿಯೇ ಕೂರುತ್ತವೆ. ಕಡಕ್ ಆಗಿ ಒಣಗಲು ಬಿಟ್ಟು, ಕುಟ್ಟಿ, ಆಮೇಲೆ ಬಕೆಟ್ಟಿಗೆ ಹಾಕಿ. ಗುಳುಗುಳು ಗುಳ್ಳೆ ಬಿಡುತ್ತಾ ಒಂದು ಗಂಟೆಯಲ್ಲಿ ತಾವಾಗಿಯೇ ಕುಸಿಯುತ್ತವೆ. ಮಕ್ಕಳನ್ನು ಕರೆದು ತೋರಿಸಿ, ಎತ್ತು ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ.