ಕಿವಿ ಮುಚ್ಚಿಕೊಂಡು ಆಡುವ ಆಟ

ಇ, ಐ, ಎಲ್, ಎನ್, ಎಸ್, ಟಿ. ಈ ಆರು ಇಂಗ್ಲಿಷ್ ಅಕ್ಷರ ಕೊಟ್ಟು, ಎಲ್ಲವನ್ನೂ ಬಳಸಿ ಒಂದು ಪದ ಮಾಡಿ ಅಂದರೆ ಮೊದಲು ಹೊಳೆಯುವುದು ‘ಸೈಲೆಂಟ್’. ಸ್ವಲ್ಪ ತಲೆ ಕೆರೆದುಕೊಂಡರೆ ‘ಎನ್‌ಲಿಸ್ಟ್’. ಕ್ರಿಸ್‌ಮಸ್ ಮರದ ಅಲಂಕಾರ ನೆನಪಾದರೆ ‘ಟಿನ್ಸೆಲ್’. ಆದರೆ ದಿನಾ ಬಾಯಲ್ಲಿ ಓಡಾಡುವ ‘ಲಿಸನ್’ ಮಾತ್ರ ಬೇಗ ಸಿಗುವುದಿಲ್ಲ. ಅದರೊಳಗೆ ಒಂದು ಟಿ ಅಡಗಿ ಕೂತಿದೆ ಅಂತ ನಮ್ಮ ಕಿವಿಗೆ ಗೊತ್ತೇ ಇಲ್ಲವಲ್ಲ!

ಕನ್ನಡದಲ್ಲಿ ಓದು ಕಲಿತವರಿಗೆ ಈ ಕಷ್ಟ ಸ್ವಲ್ಪ ಜಾಸ್ತಿ ಅಂತ ನನ್ನ ಅನುಮಾನ. ನಮಗೆ ಅಕ್ಷರ ಅಂದರೆ ದನಿ. ಇಂಗ್ಲಿಷ್‌ನಲ್ಲಿ ಹಾಗಲ್ಲ, ಯುದ್ಧಕ್ಕೆ ಹೋಗುವ ‘ನೈಟ್’ ಶುರುವಾಗುವುದು ಕೆ ಇಂದ, ಆ ಕೆ ಬಾಯಿ ಬಿಡುವುದಿಲ್ಲ, ನಡುವೆ ಇರುವ ಜಿ ಮತ್ತು ಎಚ್ ಕೂಡ ಸುಮ್ನೆ ಬಂದು ನಿಂತಿವೆ. ‘ರಿದಮ್’ ಅನ್ನುವ ಪದದಲ್ಲಿ ಎ, ಇ, ಐ, ಓ, ಯು ಒಂದೂ ಇಲ್ಲ. ‘ಕ್ಯೂಯಿಂಗ್’ ಬರೆಯಲು ಹೊರಟರೆ ನಡುವೆ ಐದು ಸ್ವರಗಳು ಸಾಲಾಗಿ ಬರುತ್ತವೆ, ಹೆಸರಿಗೆ ತಕ್ಕಂತೆ. ಹಾಗಾಗಿ ಈ ಆಟಕ್ಕೆ ಕೂತಾಗ ಕಿವಿ ಮುಚ್ಚಿಕೊಳ್ಳಬೇಕು, ಕಣ್ಣು ಮಾತ್ರ ಕೆಲಸ ಮಾಡಬೇಕು.

ಕಣ್ಣೂ ಸುಲಭಕ್ಕೆ ಬಗ್ಗುವುದಿಲ್ಲ. ಕೊಟ್ಟ ಕ್ರಮದಲ್ಲೇ ಅಕ್ಷರಗಳನ್ನು ನೋಡುತ್ತಾ ಕೂತರೆ ಗಂಟೆಗಟ್ಟಲೆ ಏನೂ ಹುಟ್ಟದು. ಬೇರೆ ಬೇರೆ ಏಳು ಅಕ್ಷರ ಇದ್ದರೆ ಅವನ್ನು 5040 ರೀತಿಯಲ್ಲಿ ಜೋಡಿಸಬಹುದು, ಒಂದೊಂದಾಗಿ ಬರೆದು ನೋಡುವಷ್ಟು ಪುರುಸೊತ್ತು ಯಾರಿಗಿದೆ? ಅದಕ್ಕೇ ಅನುಭವಸ್ಥರು ಅಕ್ಷರಗಳನ್ನು ಗುಂಡಗೆ ಬರೆದುಕೊಳ್ಳುತ್ತಾರೆ, ಆಗ ಮೊದಲು ಯಾವುದು ಕೊನೆ ಯಾವುದು ಅನ್ನುವ ಹಟ ಹೋಗುತ್ತದೆ. ಇನ್ನು ಕೆಲವರು ಐ, ಎನ್, ಜಿ ಇದ್ದರೆ ಅವನ್ನು ಎತ್ತಿ ಕೊನೆಗೆ ಇಟ್ಟುಬಿಟ್ಟು ಉಳಿದದ್ದರ ಜೊತೆ ಮಾತ್ರ ಗುದ್ದಾಡುತ್ತಾರೆ. ನಮ್ಮ ಚಿಕ್ಕಮ್ಮ ಮೂರನೇ ದಾರಿಯವರು. ಪೇಪರ್ ಮಡಚಿಟ್ಟು ಒಗ್ಗರಣೆ ಹಾಕಲು ಎದ್ದು ಹೋಗುತ್ತಾರೆ, ಸಾಸಿವೆ ಸಿಡಿಯುವಷ್ಟರಲ್ಲಿ ಪದ ಬಂದಿರುತ್ತದೆ. ಅವರು ಓದಿದ್ದು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಇಂಗ್ಲಿಷ್‌ನಲ್ಲಿ ದಡದಡ ಮಾತಾಡುವ ಅವರ ಮಗ ಪಕ್ಕದಲ್ಲಿ ಪೆನ್ನು ಕಚ್ಚುತ್ತಾ ಕೂತಿರುತ್ತಾನೆ.

ಇದರಲ್ಲಿ ಆಶ್ಚರ್ಯ ಏನಿಲ್ಲ ಅಂತ ಈಗ ಅನ್ನಿಸುತ್ತದೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ, ಅಕ್ಷರದ ಬಿಲ್ಲೆಗಳನ್ನು ಹಲಗೆ ಮೇಲೆ ಜೋಡಿಸಿ ಪದ ಮಾಡುವ ಆಟವಾದ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ! ಪದಗಳನ್ನು ಬರೀ ಅಕ್ಷರದ ಸಾಲುಗಳಾಗಿ ನೆನಪಿಟ್ಟುಕೊಂಡು ಹೋಗಿದ್ದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಹಾಗೇ ಗೆದ್ದರು. ಅರ್ಥ ಬೇಡ, ಉಚ್ಚಾರ ಬೇಡ, ವ್ಯಾಕರಣ ಮೊದಲೇ ಬೇಡ. ಭಾಷಾಪ್ರೇಮಿಗಳಿಗೆ ಇದು ಸಂಕಟದ ಸುದ್ದಿ. ನನಗೆ ಮಾತ್ರ ಖುಷಿಯಾಯಿತು, ಇಂಗ್ಲಿಷ್ ಹೆಸರಲ್ಲಿ ನಡೆಯುವ ಒಂದು ಆಟದಲ್ಲಾದರೂ ಕಾನ್ವೆಂಟಿನವರಿಗೂ ಊರ ಶಾಲೆಯವರಿಗೂ ದೊಡ್ಡ ಅಂತರ ಇಲ್ಲ ಅಲ್ವಾ.

ಸ್ಕ್ರ್ಯಾಬಲ್ ಹುಟ್ಟಿದ್ದೂ ಇಂಥದ್ದೇ ಕಣ್ಣಿನ ಲೆಕ್ಕದಿಂದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬ ಆರ್ಕಿಟೆಕ್ಟ್ ಕೆಲಸ ಕಳೆದುಕೊಂಡು, ಪತ್ರಿಕೆ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದರು. ಅದರಿಂದಲೇ 100 ಬಿಲ್ಲೆಗಳಲ್ಲಿ ಇ ಅಕ್ಷರಕ್ಕೆ 12, ಕ್ಯೂಗೆ ಒಂದೇ ಒಂದು. ಎಸ್ ಅಕ್ಷರವನ್ನು ನಾಲ್ಕಕ್ಕೆ ನಿಲ್ಲಿಸಿದ್ದು ಬಟ್ಸ್ ಅವರ ಜಾಣತನ, ಇಲ್ಲದಿದ್ದರೆ ಎಲ್ಲರೂ ಕೊನೆಗೊಂದು ಎಸ್ ಅಂಟಿಸಿ ಬಹುವಚನ ಮಾಡುತ್ತಲೇ ಗೆದ್ದುಬಿಡುತ್ತಿದ್ದರು.

ಕಂಪ್ಯೂಟರ್‌ಗೆ ಇಷ್ಟೆಲ್ಲ ಪಾಡಿಲ್ಲ. ಅದು ನಿಘಂಟಿನ ಪ್ರತಿ ಪದವನ್ನೂ ಬಿಚ್ಚಿ, ಅಕ್ಷರಗಳನ್ನು ಎ ಇಂದ ಜಡ್‌ವರೆಗೆ ಕ್ರಮವಾಗಿ ಇಟ್ಟು, ಒಂದೇ ಸಾಲು ಬಂದವನ್ನೆಲ್ಲ ಒಂದೇ ಡಬ್ಬಿಗೆ ಹಾಕಿಕೊಂಡಿರುತ್ತದೆ. ‘ಸ್ಟಾಪ್’, ‘ಸ್ಪಾಟ್’, ‘ಪೋಸ್ಟ್’, ‘ಪಾಟ್ಸ್’, ‘ಟಾಪ್ಸ್’ ಎಲ್ಲವೂ ಬಿಚ್ಚಿದಾಗ ಓ, ಪಿ, ಎಸ್, ಟಿ. ನೀವು ಅಕ್ಷರ ಒತ್ತಿದರೆ ಅದು ಆ ಡಬ್ಬಿ ಬಗ್ಗಿಸುತ್ತದೆ, ಅಷ್ಟೇ. ಮೊಬೈಲಿನಲ್ಲಿ ಹೀಗೆ ಹುಡುಕುವುದು ಮೋಸವೋ ಅಲ್ಲವೋ ಅಂತ ನಮ್ಮ ಮನೆಯಲ್ಲಿ ಆಗಾಗ ಜಗಳ. ಆಟದ ನಡುವೆ ನೋಡಿದರೆ ಖಂಡಿತ ಮೋಸ. ಆಟ ಮುಗಿದ ಮೇಲೆ ನೋಡಿದರೆ ಹೊಟ್ಟೆ ಉರಿ.

ಇದೇ ಆಟವನ್ನು ಕನ್ನಡಕ್ಕೆ ತರುವ ಆಸೆ ಎಲ್ಲರಿಗೂ ಒಂದು ಸಲ ಬರುತ್ತದೆ. ಆದರೆ ನಮ್ಮ ಪದಬಂಧದ ಒಂದು ಮನೆಯಲ್ಲಿ ‘ಸ್ತ್ರೀ’ ಇಡಿಯಾಗಿ ಕೂರುತ್ತದೆ. ಅದನ್ನು ಒಡೆಯುವ ಹಾಗಿಲ್ಲ. ಬಿಲ್ಲೆ ಮಾಡಲು ಹೊರಟರೆ ಕಾಗುಣಿತ, ಒತ್ತು ಎಲ್ಲ ಸೇರಿ ಚೀಲ ತುಂಬಿ ಮೇಲೆ ಇನ್ನೊಂದು ಚೀಲ ಬೇಕು.

ಅಲ್ಲಿಯವರೆಗೆ ಒಂದು ಉಪಯೋಗದ ಮಾತು: ಕೈಗೆ ಡಿ, ಐ, ಐ, ಎಲ್ ಬಂದರೆ ಯೋಚನೆ ಮಾಡದೆ ಇಡ್ಲಿ ಇಟ್ಟುಬಿಡಿ. ನಿಘಂಟು ಪ್ರಕಟಿಸುವ ಕಾಲಿನ್ಸ್‌ನ ಸ್ಕ್ರ್ಯಾಬಲ್ ಪದಪಟ್ಟಿಯಲ್ಲಿ ಅದು ಇದೆ, ದೋಸೆಯೂ ಇದೆ, ಆದರೆ ಅದಕ್ಕೆ ಕೊನೆಯಲ್ಲಿ ಎ ಬೇಕು.