ಬುಧವಾರದ ಕೈಮ ಉಂಡೆ

ಮಾಂಸದಡುಗೆಗೆ ವಾರದಲ್ಲಿ ಸಿಗುವ ಜಾಗ ತೀರಾ ಇಕ್ಕಟ್ಟು. ಸೋಮವಾರ ಶಿವನ ಪಾಲು, ಗುರುವಾರ ರಾಯರದು, ಶನಿವಾರವನ್ನು ತಿಮ್ಮಪ್ಪನೋ ಹನುಮಪ್ಪನೋ ಹಿಡಿದುಕೊಂಡಿರುತ್ತಾರೆ. ಮಂಗಳವಾರ, ಶುಕ್ರವಾರಗಳ ಮೇಲೆ ಮನೆದೇವತೆಯ ಕಣ್ಣು. ಭಾನುವಾರಕ್ಕೆ ಬಿರಿಯಾನಿ, ಕಾಲುಸೂಪು, ನೆಂಟರು. ಹೀಗೆ ಕಳೆಯುತ್ತಾ ಬಂದರೆ ಕೊನೆಗೆ ಉಳಿಯುವುದು ಪಾಪದ ಬುಧವಾರ. ಅವತ್ತು ಕೆಲಸದಿಂದ ಬಂದು ಬ್ಯಾಗು ಇಳಿಸಿ, ಏಳೂಕಾಲಿಗೆ ಒಲೆ ಹಚ್ಚಿ ಎಂಟಕ್ಕೆ ತಟ್ಟೆ ಹಾಕಬೇಕೆಂದರೆ ಮೂಳೆ ಮಟನ್ ಆಗದ ಮಾತು. ಕೈಮ ಹಾಗಲ್ಲ. ಕತ್ತಿಯೇ ಅರ್ಧ ಅಡುಗೆ ಮುಗಿಸಿ ಕೊಟ್ಟಿರುತ್ತದೆ. ಎಳೆಗಳೆಲ್ಲ ತುಂಡಾಗಿರುವುದರಿಂದ ಉಂಡೆ ಬೇಯಲು 12ರಿಂದ 15 ನಿಮಿಷ ಸಾಕು. ಆದರೂ ಕೈಮ ಉಂಡೆ ಸಾರನ್ನು ಹೊಸತೊಡಕಿಗೆ, ಅಳಿಯ ಬಂದ ದಿನಕ್ಕೆ ಅಂತ ಎತ್ತಿಟ್ಟಿದ್ದೇವೆ. ಕಾರಣ ಒಂದೇ: ಉಂಡೆ ಸಾರಿನಲ್ಲಿ ಒಡೆದು ಮಾನ ತೆಗೆದೀತೆಂಬ ಭಯ.

ಭಯಕ್ಕೆ ಆಧಾರವಿದೆ. ಆದರೆ ಒಡೆಯುವ ಉಂಡೆಗಳಲ್ಲಿ ಹೆಚ್ಚಿನವು ಒಲೆಯ ಮೇಲೆ ಒಡೆಯುವುದಿಲ್ಲ, ಅಂಗಡಿಯಲ್ಲೇ ಒಡೆದಿರುತ್ತವೆ. ಕೈಮ ಮಾಡಿಸಿ ತಂದು ಮನೆಯಲ್ಲಿ ತೊಳೆಯುವವರಿದ್ದಾರೆ. ಕೈಮ ಅನ್ನುವುದು ಸ್ಪಂಜಿನ ಹಾಗೆ. ಒಮ್ಮೆ ಕುಡಿದ ನೀರನ್ನು ಜರಡಿಗೆ ಹಾಕಿ ಹಿಂಡಿದರೂ ಪೂರ್ತಿ ಬಿಡುವುದಿಲ್ಲ. ತೊಡೆಯ ಅಥವಾ ಕೈಯ ತುಂಡು ಆರಿಸಿ, ಅದನ್ನು ತೊಳೆಸಿ, ನೀರು ಬಸಿದ ಮೇಲೆ ಮೆಷಿನ್ನಿಗೆ ಎರಡು ಸಲ ಹಾಕಿಸಬೇಕು. ತೀರಾ ಕೊಬ್ಬಿಲ್ಲದ ಮಾಂಸ ಬೇಡ, ಉಂಡೆ ಗೋಲಿಯಾಗುತ್ತದೆ. ಕೋಳಿಯಾದರೆ ಎದೆಯಲ್ಲ, ತೊಡೆ.

ಅರ್ಧ ಕೆಜಿ ಕೈಮಕ್ಕೆ ಮೂರು ದೊಡ್ಡ ಚಮಚ ಹುರಿಗಡಲೆ ಪುಡಿ, ಒಂದು ಸಣ್ಣ ಈರುಳ್ಳಿ, ಒಂದು ಚಹಾ ಚಮಚ ಉಪ್ಪು, ಒಂದು ಹಿಡಿ ಕೊತ್ತಂಬರಿ, ನಾಲ್ಕಾರು ಪುದೀನ ಎಲೆ. ಈರುಳ್ಳಿಯನ್ನು ಸಣ್ಣಗೆ ಅಂದರೆ ಸಾಸಿವೆಗಿಂತ ಚೂರು ದಪ್ಪ ಅನ್ನುವಷ್ಟು ಸಣ್ಣಗೆ ಹೆಚ್ಚಿ, ಬಟ್ಟೆಯಲ್ಲಿ ಹಿಂಡಿ ಹಾಕಬೇಕು. ದಪ್ಪ ಚೂರು ಉಂಡೆಯೊಳಗೆ ಬಿರುಕಿನ ಕೆಲಸ ಮಾಡುತ್ತದೆ. ಇಲ್ಲಿ ಉಪ್ಪು ಬರೀ ರುಚಿಗಲ್ಲ. ಉಪ್ಪು ಬಿದ್ದ ಮಾಂಸವನ್ನು ನಾಲ್ಕೈದು ನಿಮಿಷ ಅಂಗೈಯ ಬುಡದಿಂದ ನಾದಿದರೆ ಅದರ ಪ್ರೋಟೀನು ಕರಗಿ ಅಂಟಾಗುತ್ತದೆ. ಮೊದಲು ಬೆರಳ ಸಂದಿಯಿಂದ ಉದುರುತ್ತಿದ್ದ ಕೈಮ, ಆಮೇಲೆ ಪಾತ್ರೆಯ ಗೋಡೆಗೆ ಎಳೆ ಬಿಟ್ಟು ಕಚ್ಚಿಕೊಳ್ಳುತ್ತದೆ. ಉಂಡೆಯನ್ನು ಹಿಡಿದಿಡುವುದು ಈ ಅಂಟು. ಹುರಿಗಡಲೆಯೋ, ಮಾಂಸ ಬಿಟ್ಟ ನೀರನ್ನು ಹೀರುವ ಸಹಾಯಕ ಮಾತ್ರ. ಅದನ್ನೇ ನಂಬಿ ಬಟ್ಟಲುಗಟ್ಟಲೆ ಸುರಿದವರ ಉಂಡೆ ಒಡೆಯುವುದಿಲ್ಲ ನಿಜ, ಆದರೆ ಅದು ಮಾಂಸದ ಹೆಸರಿನಲ್ಲಿ ಬಡಿಸಿದ ಕಡಲೆ. ಮೊಟ್ಟೆಯೂ ಬೇಡ. ಮೊಟ್ಟೆ ಹಾಕಿದರೆ ಹಿಟ್ಟು ಸಡಿಲ, ಸಡಿಲವಾಯಿತೆಂದು ಇನ್ನಷ್ಟು ಪುಡಿ, ಪುಡಿ ಹೆಚ್ಚಾಯಿತೆಂದು ಗಟ್ಟಿ. ಮಿಕ್ಸಿಯಲ್ಲಿ ಎರಡು ಸುತ್ತಿಗಿಂತ ಹೆಚ್ಚು ಓಡಿಸುವುದೂ ಬೇಡ. ಬಿಸಿಗೆ ಕೊಬ್ಬು ಕರಗಿ ಉಂಡೆ ರಬ್ಬರಿನಂತೆ ಪುಟಿಯುತ್ತದೆ.

ಮಸಾಲೆಯನ್ನು ಎರಡು ಸಲ ರುಬ್ಬುವ ಶ್ರಮವಿಲ್ಲ. ಎರಡು ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಮೂರು ಲವಂಗ, ಒಂದು ತುಂಡು ಚಕ್ಕೆ ಬಾಡಿಸಿ, ಅರ್ಧ ಬಟ್ಟಲು ತೆಂಗಿನತುರಿ, ಒಂದು ಚಮಚ ಗಸಗಸೆ, ಎರಡು ದೊಡ್ಡ ಚಮಚ ಧನಿಯಪುಡಿ, ಒಂದೂವರೆ ಚಹಾ ಚಮಚ ಖಾರದಪುಡಿ ಸೇರಿಸಿ ನೀರಿಲ್ಲದೆ ತರಿತರಿಯಾಗಿ ರುಬ್ಬಬೇಕು. ಅದರಲ್ಲಿ ಎರಡು ಚಮಚ ಎತ್ತಿ ಕೈಮಕ್ಕೆ ಕಲಸಿ, ಉಳಿದಿದ್ದಕ್ಕೆ ಎರಡು ಟೊಮೆಟೊ, ನೀರು ಹಾಕಿ ನುಣ್ಣಗೆ ಮಾಡಿಕೊಂಡರೆ ಸಾರಿನ ಖಾರ ಸಿದ್ಧ. ಉಂಡೆಯ ರುಚಿ, ಸಾರಿನ ರುಚಿ ಒಂದಕ್ಕೊಂದು ಅಪರಿಚಿತವಾಗಿ ಉಳಿಯುವುದಿಲ್ಲ.

ಇನ್ನು ಕಾಲದ ತರಕಾರಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಳೇ ಮೈಸೂರು ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ, ಅವರೆಕಾಯಿ. ಮುಟ್ಟಿದರೆ ಕೈಗೆ ಜಿಡ್ಡು ಹತ್ತುವ, ತೊಳೆದರೂ ಬೆರಳಿನಲ್ಲಿ ವಾಸನೆ ಉಳಿಸುವ ಸೊನೆ ಅವರೆ. ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ಅದನ್ನು ದೋಸೆಗೂ ಹಾಕುತ್ತಾರೆ, ಜಾಮೂನಿಗೂ ಹಾಕುತ್ತಾರೆ. ಜಾಮೂನಿನ ವಿಷಯದಲ್ಲಿ ಸುಮ್ಮನಿರುವುದು ಲೇಸು. ಕೈಮ ಉಂಡೆಗಂತೂ ಅವರೆ ಹೇಳಿಮಾಡಿಸಿದ ಜೋಡಿ. ಒಂದೂವರೆ ಬಟ್ಟಲು ಕಾಳನ್ನು ಉಪ್ಪು ಹಾಕಿ ಮೊದಲೇ ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳಬೇಕು, ಕಾಲು ಗಂಟೆಯ ಕೆಲಸ. ಟೊಮೆಟೊ ಬಿದ್ದ ಸಾರಿಗೆ ಹಸಿ ಕಾಳು ಸುರಿದರೆ ಅದು ಸುಲಭಕ್ಕೆ ಬೇಯುವುದಿಲ್ಲ, ಏಕೆಂದರೆ ಹುಳಿ ಕಾಳನ್ನು ಮೆತ್ತಗಾಗಲು ಬಿಡುವುದಿಲ್ಲ. ಕಾಳು ಬೆಂದ ನೀರನ್ನು ಚೆಲ್ಲುವವರಿಗೆ ಅವರೆ ತಿನ್ನುವ ಹಕ್ಕಿಲ್ಲ. ಸೊನೆಯ ಘಮವೆಲ್ಲ ಅದರಲ್ಲೇ ಇರುತ್ತದೆ, ಸಾರಿಗೆ ಅದನ್ನೇ ಬಳಸಬೇಕು. ಹಿತಕಿದ ಬೇಳೆಯಾದರೆ ಐದಾರು ನಿಮಿಷಕ್ಕೇ ಬೇಯುತ್ತದೆ, ಆದರೆ ಬುಧವಾರ ಸಂಜೆ ಹಿತಕುತ್ತಾ ಕೂರುವವರು ಯಾರು?

ಹಣ್ಣಿಗೂ ಮಾಂಸಕ್ಕೂ ಎತ್ತಣ ಸಂಬಂಧ ಎಂದು ಮೂಗು ಮುರಿಯುವವರು ಹುಣಸೆಯ ಹೆಸರನ್ನೇ ಮರೆತಿರುತ್ತಾರೆ, ಅದು ಹುಣಸೇಹಣ್ಣು. ಕೊಡಗಿನ ಕಾಚಂಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಾಗಿಸಿದ್ದು. ಅದಿಲ್ಲದ ಪಂದಿ ಕರಿಗೆ ಅಲ್ಲಿ ಮರ್ಯಾದೆಯಿಲ್ಲ. ಸಿರಿಯಾದ ಅಲೆಪ್ಪೊದಲ್ಲಿ ಮಾಂಸದುಂಡೆಗಳನ್ನು ಹುಳಿ ಚೆರ್ರಿಯ ರಸದಲ್ಲಿ ಬೇಯಿಸುತ್ತಾರೆ. ಸ್ವೀಡನ್ನಿನವರ ಉಂಡೆಯ ಪಕ್ಕದಲ್ಲಿ ಲಿಂಗನ್‌ಬೆರಿ ಜಾಮ್ ಇರಲೇಬೇಕು. ನಮ್ಮ ಸಾರಿನಲ್ಲೂ ಟೊಮೆಟೊದ ಜಾಗಕ್ಕೆ ಬೇಸಿಗೆಯಲ್ಲಿ ಮಾವಿನಕಾಯಿ ಹೋಳು, ಮಳೆಗಾಲದಲ್ಲಿ ಜಜ್ಜಿದ ಅಮಟೆಕಾಯಿ ಬರಬಹುದು. ಅವರೆ ಇಲ್ಲದ ತಿಂಗಳಲ್ಲಿ ಹೀರೆಕಾಯೋ ಮೆಂತ್ಯ ಸೊಪ್ಪೋ ಸಾಕು. ಒಂದು ಎಚ್ಚರಿಕೆ ಮಾತ್ರ: ಹಸಿ ಅನಾನಸ್, ಪರಂಗಿಕಾಯಿ ಎರಡನ್ನೂ ಕೈಮದ ಹತ್ತಿರ ಬಿಡಬಾರದು. ಕಬಾಬಿಗೆ ಮಾಂಸ ಮೆತ್ತಗಾಗಲೆಂದು ಪರಂಗಿಕಾಯಿ ಸವರುತ್ತಾರಲ್ಲ, ಅದೇ ಗುಣ ಇಲ್ಲಿ ಅವಗುಣ. ಅವುಗಳ ಕಿಣ್ವ ಮಾಂಸದ ಪ್ರೋಟೀನನ್ನೇ ಕಡಿಯುತ್ತದೆ. ನಾದಿ ಬರಿಸಿದ ಅಂಟೆಲ್ಲ ಅರ್ಧ ಗಂಟೆಯಲ್ಲಿ ಗಂಜಿ. ಅನಾನಸ್ ಬೇಕೇ ಬೇಕೆಂದರೆ ಸಾರಿನಲ್ಲಿ ಚೆನ್ನಾಗಿ ಕುದಿಸಿ ಹಾಕಬಹುದು, ಕುದಿಗೆ ಆ ಕಿಣ್ವ ಸಾಯುತ್ತದೆ.

ಚಳಿಗಾಲದಲ್ಲಿ ಹಣ್ಣನ್ನು ಸಾರಿಗಿಂತ ತಟ್ಟೆಯ ಪಕ್ಕಕ್ಕೆ ಇಡುವುದೇ ಚೆಂದ. ದೋರೆಗಾಯಿ ಸೀಬೆ ಎರಡು, ಬೀಜದ ಭಾಗ ತೆಗೆದು ತೆಳ್ಳಗೆ ಹೆಚ್ಚಿ, ಒಂದು ಕ್ಯಾರೆಟ್ ತುರಿದು, ಒಂದು ಹಿಡಿ ದಾಳಿಂಬೆ ಕಾಳು, ಅರ್ಧ ನಿಂಬೆಹಣ್ಣು, ಚಿಟಿಕೆ ಖಾರದಪುಡಿ ಹಾಕಿದರೆ ಕೋಸಂಬರಿ. ಉಪ್ಪು ಮಾತ್ರ ತಟ್ಟೆಗೆ ಬಡಿಸುವ ಕ್ಷಣದಲ್ಲಿ. ಮೊದಲೇ ಹಾಕಿದರೆ ನೀರೊಡೆದು ಸೀಬೆ ಸೋತುಹೋಗುತ್ತದೆ. ಒಗ್ಗರಣೆಯ ಹಂಗಿಲ್ಲ.

ಈಗ ಉಂಡೆ. ಸಣ್ಣ ನಿಂಬೆಹಣ್ಣಿನ ಗಾತ್ರ, ಸುಮಾರು 25 ಗ್ರಾಂ. ಅಂಗೈಗೆ ಎಣ್ಣೆಯಲ್ಲ, ನೀರು ಸವರಿಕೊಂಡು, ಮೊದಲು ಗಟ್ಟಿಯಾಗಿ ಒತ್ತಿ ಆಮೇಲೆ ಉರುಟು ಮಾಡಬೇಕು. ಬರೀ ಉರುಟಿದರೆ ಒಳಗೆ ಗಾಳಿ ಉಳಿಯುತ್ತದೆ. ಈ ಅಳತೆಗೆ 25 ಉಂಡೆ ಬರುತ್ತವೆ: ನಾಲ್ಕು ಜನಕ್ಕೆ ಆರಾರು, ಇನ್ನೊಂದು ಪರೀಕ್ಷೆಗೆ. ಅಗಲ ಬಾಯಿಯ ಪಾತ್ರೆಯಲ್ಲಿ ಖಾರ ಹಾಕಿ, ಹಸಿ ವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಬಿಟ್ಟ ಮೇಲೆ ಕಾಳು, ಕಾಳಿನ ನೀರು ಸೇರಿಸಿ ಕುದಿಸಬೇಕು. ಕುದಿಯುವಾಗ ಆ ಪರೀಕ್ಷೆಯ ಉಂಡೆ ಮೊದಲು ಇಳಿಯಲಿ. ಎರಡು ನಿಮಿಷಕ್ಕೆ ಅಂಚು ಕರಗುತ್ತಿದ್ದರೆ ಉಳಿದ ಕೈಮಕ್ಕೆ ಇನ್ನೊಂದು ಚಮಚ ಪುಡಿ ಸೇರಿಸಿ ಮತ್ತೆ ನಾದಬೇಕು. ಬೆಂದ ಮೇಲೆ ಉಪ್ಪು ನೋಡುವುದಕ್ಕೂ ಅದೇ. ಹಸಿ ಕೈಮ ನೆಕ್ಕಿ ಉಪ್ಪು ನೋಡುವ ಅಭ್ಯಾಸ ಒಳ್ಳೆಯದಲ್ಲ. ಅದು ಪಾಸಾದರೆ ಮಿಕ್ಕವನ್ನು ಒಂದರ ಮೇಲೊಂದು ಬೀಳದಂತೆ ಬಿಟ್ಟು, ಉರಿ ತಗ್ಗಿಸಿ ಕೈ ಕಟ್ಟಿ ನಿಲ್ಲಬೇಕು. ಕಷ್ಟ ಇರುವುದು ಇಲ್ಲೇ. ಒಲೆಯ ಮುಂದೆ ಸೌಟು ಹಿಡಿದ ಕೈ ಸುಮ್ಮನಿರುವುದಿಲ್ಲ, ಆದರೆ ಮೊದಲ ಆರು ನಿಮಿಷ ಸೌಟು ಸಾರಿನ ಶತ್ರು. ತಳ ಹಿಡಿದೀತೆನಿಸಿದರೆ ಪಾತ್ರೆಯ ಎರಡು ಕಿವಿ ಹಿಡಿದು ಮೆಲ್ಲಗೆ ತಿರುಗಿಸಿದರಾಯಿತು. ಸಾರು ಕೊತಕೊತ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ಹನ್ನೆರಡನೆಯ ನಿಮಿಷಕ್ಕೆ ಒಂದನ್ನು ಸೀಳಿ ನೋಡಿ, ನಡುವೆ ಕೆಂಪಿದ್ದರೆ ಇನ್ನೂ ಮೂರು ನಿಮಿಷ. ಆ ಹೊತ್ತಿಗೆ ಪಕ್ಕದ ಒಲೆಯಲ್ಲಿ ಮುದ್ದೆ ತಿರುವಿ ಆಗಿರುತ್ತದೆ.

ಉಂಡೆ ಸಾರು ನಿಂತಷ್ಟೂ ರುಚಿ. ಒಂದು ರಾತ್ರಿ ಫ್ರಿಜ್ಜಿನಲ್ಲಿದ್ದರೆ ಖಾರ ಉಂಡೆಯ ನಡುಮಧ್ಯಕ್ಕೆ ಇಳಿದಿರುತ್ತದೆ, ಕಾಳು ಸಾರು ಕುಡಿದು ಉಬ್ಬಿರುತ್ತದೆ. ಆದರೆ ಮಾರನೆಯ ದಿನ ಗುರುವಾರ.